ಎಳ್ಳುಬೆಲ್ಲದ ತಟ್ಟೆ

ಜನವರಿ ತಿಂಗಳ ನಡುವೆ ಸಂಕ್ರಾಂತಿ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಗ್ರಾಮಗಳಲ್ಲಿ ನೆರೆಮನೆಯ ಹೆಣ್ಣುಮಕ್ಕಳು ಎಳ್ಳುಬೆಲ್ಲದ ತಟ್ಟೆ ಹಿಡಿದು ನಮ್ಮ ಬಾಗಿಲಿಗೂ ಬರುವದುಂಟು. ಅದನ್ನು ತೆಗೆದುಕೊಳ್ಳಬಹುದೋ ಕೂಡದೋ ಎಂದು ನಮ್ಮ ಮನೆಗಳಲ್ಲಿ ವಾದ ಹುಟ್ಟುವದು. ಉತ್ತರ ಕೊಡುವದಕ್ಕೆ ಮುಂಚೆ ತಟ್ಟೆಯಲ್ಲಿರುವದೇನೆಂದು ನೋಡೋಣ.

ಎಳ್ಳು ಈ ದೇಶದ್ದೇ. ಹರಪ್ಪದ ಹಾಳುದಿಬ್ಬದಲ್ಲಿ 4,000 ವರುಷಗಳಷ್ಟು ಹಿಂದಿನ, ಸುಟ್ಟು ಕರಿಕಾದ ಎಳ್ಳುಕಾಳು ಸಿಕ್ಕಿದೆ. ಕಬ್ಬಿನ ಮೂಲವಾದರೋ ದೂರದ ನ್ಯೂಗಿನಿ ದ್ವೀಪ; ಆದರೆ ಅದರ ರಸವನ್ನು ಕಾಯಿಸಿ ಗಟ್ಟಿಮಾಡುವ ವಿದ್ಯೆ ಭರತಖಂಡದಲ್ಲಿ ಬೆಳೆಯಿತು. ಇಂಗ್ಲಿಷರ ಷುಗರ್ ಎಂಬ ಮಾತು ಕೂಡ ಸಂಸ್ಕೃತದ ಶರ್ಕರಾ ಶಬ್ದದಿಂದ ಬಂದದ್ದು. ಹುರಿಗಡಲೆಯು ತುರ್ಕಿ ದೇಶದ ಕಡೆಯಿಂದ ಬಹು ಪೂರ್ವದಲ್ಲಿಯೇ ಬಂದ ಕಾಳು.

ಕಡಲೆಕಾಯಿಯ ಸಂಗತಿ ಎಲ್ಲಕ್ಕಿಂತ ವಿಚಿತ್ರವಾದದ್ದು. ಪಾವಗಡ, ಶಿರಾ ಹೊಲಗಳಲ್ಲಿ ಮಳೆಯೊಂದನ್ನೇ ನಂಬಿ ಅದನ್ನು ಬಿತ್ತುವ ರೈತನು, ಇದು ನಮ್ಮ ಮುತ್ತಾತಂದಿರ ಬೆಳೆ ಎನ್ನುವನು. ಅದರ ಹುಟ್ಟೂರು ದಕ್ಷಿಣ ಅಮೇರಿಕದ ಬೊಲಿವಿಯದ ಸುತ್ತಣ ಸೀಮೆ. 1492ರಲ್ಲಿ ಕೊಲಂಬಸನು ಆ ಕಡೆಯ ದ್ವೀಪಗಳನ್ನು ಮುಟ್ಟಿದ ಬಳಿಕವೇ ಹಡಗುಗಳ ಮೂಲಕ ಅದು ಇತ್ತ ತಲಪಿತು. ಹಬ್ಬಕ್ಕೆ ಬೇಯಿಸುವ ಗೆಣಸೂ ಸಿಹಿಗುಂಬಳವೂ ಅದೇ ಕಡೆಯವು. ಹಾಗಾದರೆ 1336ರಲ್ಲಿ ವಿಜಯನಗರದ ಅರಸರು ಆಳತೊಡಗಿದಾಗ ಈ ನಾಡಿನ ಯಾವ ಮನೆಯ ಎಳ್ಳಿನಲ್ಲಿಯೂ ಕಡಲೆಬೀಜವಿರಲಿಲ್ಲ!

ಹುಗ್ಗಿಗೆ ಹಾಕುವ ಹೆಸರು ಮಾತ್ರ ನಿಜವಾಗಿ ಹಳೆಯದು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ಕಲ್ಲಿನ ಆಯುಧಗಳ ಕಾಲದ ಜನರು ಹೆಸರು, ಹುರುಳಿಗಳ ಜೊತೆಗೆ ಕೊರಲೆಯನ್ನೂ ಉಣ್ಣುತ್ತಿದ್ದರು. ಆ ಕೊರಲೆಯನ್ನು ನಮ್ಮ ಸೀಮೆಯವರು ಇಂದಿಗೂ ಬೆಳೆಯುತ್ತಾರೆ. ಬಡವರ ಧಾನ್ಯವೆಂದು ಅದನ್ನು ಹೀಯಾಳಿಸುವವರಿಗೆ ಈ ಸಂಗತಿ ತಿಳಿಯದು.

ಹೀಗಿರಲಾಗಿ ತಟ್ಟೆಯಲ್ಲಿರುವ ಯಾವದೂ ಒಂದು ಜಾತಿಗಾಗಲಿ ಒಂದು ಗುಡಿಗಾಗಲಿ ಸೇರಿ ಹುಟ್ಟಿದ್ದಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯವನ್ನು ಓದಿರಿ. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಿಸದೆ ಊಟಮಾಡಬಹುದು. ಇದು ವಿಗ್ರಹಕ್ಕೆ ಅರ್ಪಿತವಾದದ್ದೆಂದು ಒಬ್ಬನು ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಬೇಕು. ಎರಡನ್ನೂ ಅಪೊಸ್ತಲನೇ ಹೇಳಿದ್ದಾನೆ. ಒಂದನ್ನೇ ಹಿಡಿದು ಜಗಳವಾಡುವವರನ್ನು ನಾವು ಎರಡು ಪಕ್ಷದಲ್ಲಿಯೂ ಕಂಡಿದ್ದೇವೆ.

ನೆರೆಯಾಕೆಯು ಸ್ನೇಹದಿಂದ ನೀಡಿದ್ದನ್ನು ಬೇಡವೆಂದರೆ, ತನ್ನ ಕೈಯೇ ಇವರಿಗೆ ಬೇಡವಾಯಿತೆಂದು ನೊಂದುಕೊಳ್ಳುವಳು. ನಮ್ಮಲ್ಲಿ ಅನೇಕರ ಅಜ್ಜಂದಿರ ಕೈನೀರನ್ನು ಊರವರು ಮುಟ್ಟದಿದ್ದ ಕಾಲವಿತ್ತಲ್ಲವೇ? ಆ ನೋವು ಎಂಥದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ತಟ್ಟೆ ಬಂದಾಗ ಮಕ್ಕಳನ್ನು ಕೂರಿಸಿ ಎಳ್ಳು, ಕಡಲೆ, ಕಡಲೆಬೀಜಗಳನ್ನು ಬೇರೆಬೇರೆಯಾಗಿ ಆರಿಸಿಸಿ, ಒಂದೊಂದರ ಹುಟ್ಟೂರನ್ನು ಕೇಳಿರಿ. ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸಬೇಡಿರಿ. ಹಿತ್ತಲಿನಲ್ಲಿ ಅವರೆಕಾಯಿ ಬಿಟ್ಟಿದ್ದರೆ ಒಂದು ಹಿಡಿ ಹಾಕಿ ಕೊಡಿರಿ.