ಅಲಗಿನ ಬುಡದ ಅಕ್ಷರ

ಇಳಕಲ್ಲಿನಲ್ಲಿ ಹಳೆಯ ಚಾಕು ಕೂಡಿಡುವವನೊಬ್ಬನಿದ್ದಾನೆ. ಅವನು ಮಾಡಿದ ತಪ್ಪುಗಳನ್ನೆಲ್ಲ ‘ನಾನು ಮಾಡಿದೆ’ ಎಂದು ಬರೆಯಲು ಈ ಲೇಖಕನಿಗೆ ಕೈ ಬರುತ್ತಿಲ್ಲ. ಆದ್ದರಿಂದ ‘ಅವನು’ ಎಂದೇ ಇರಲಿ. ಇಬ್ಬರೂ ಒಬ್ಬನೇ ಎಂಬುದು ಓದುಗರಿಗೆ ಗೊತ್ತಿದ್ದರೆ ಸಾಕು.

ಅವನ ಮೊದಲ ಚಾಕು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಸಿಕ್ಕಿತು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆ ಅದು. ನಾಟಕ ಕಂಪನಿಗಳ ಟೆಂಟು ದಾಟಿ ತುಸು ಆಚೆ, ಗೋಣಿತಟ್ಟಿನ ಮೇಲೆ ಹಳೆ ಕೀಲಿ, ಹಿತ್ತಾಳೆ ಗಂಟೆ, ತೂಕದ ಕಲ್ಲು ಹರವಿಕೊಂಡು ಕೂತಿದ್ದ ಮುದುಕನ ಬಳಿ ಎರಡು ಅಲಗಿನ ಮಡಿಚುವ ಚಾಕು ಇತ್ತು. ಕೊಂಬಿನ ಹಿಡಿಕೆ, ಕಪ್ಪಗಾದ ಅಲಗು. ಅಲಗು ಹಿಡಿಕೆಯನ್ನು ಸೇರುವ ಬುಡದಲ್ಲಿ ಏನೋ ಅಕ್ಷರ, ಮೇಲೊಂದು ಚಿಕ್ಕಿ, ಅದರ ಪಕ್ಕ ಅಧಿಕ ಚಿಹ್ನೆಯಂಥ ಗುರುತು. ನೂರೈವತ್ತು ಹೇಳಿದ, ನೂರಕ್ಕೆ ಕೊಟ್ಟ.

ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ಊರವರಿಗೆ ಗ್ರಾನೈಟ್ ಕೂಡ. ಕೆಂಪು ಕಲ್ಲನ್ನು ಕನ್ನಡಿ ಮಾಡುವ ಊರಿನಲ್ಲಿ ಕಪ್ಪು ಚಾಕು ಇಟ್ಟುಕೊಳ್ಳುವುದೇ? ಪಾಲಿಶ್ ಕೆಲಸದ ಗೆಳೆಯನ ಹತ್ತಿರ ಒಯ್ದ. ತಿರುಗುವ ಚಕ್ರಕ್ಕೆ ಅರ್ಧ ನಿಮಿಷ ಹಿಡಿದದ್ದೇ ತಡ, ಅಲಗಿನಲ್ಲಿ ಮೀಸೆ ತಿದ್ದಿಕೊಳ್ಳಬಹುದಿತ್ತು. ಮನೆಗೆ ಬಂದು ನೋಡಿದರೆ ಅಕ್ಷರವೂ ಇಲ್ಲ, ಚಿಕ್ಕಿಯೂ ಇಲ್ಲ.

ಆ ಚಿಕ್ಕಿ ಮತ್ತು ಮಾಲ್ಟೀಸ್ ಶಿಲುಬೆ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಕಂಪನಿಯ ಗುರುತು ಎಂಬುದು ಅವನಿಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಗುರುತು 1682ರದೆಂದು ಕಂಪನಿ ತನ್ನ ಹಳೆಯ ಜಾಹೀರಾತುಗಳಲ್ಲಿ ಹೇಳಿಕೊಳ್ಳುತ್ತಿತ್ತು. ಅವನ ಚಾಕು ಅಸಲಿಯೇ ಆಗಿತ್ತೆಂದೇನೂ ಅಲ್ಲ, ಆ ಹೆಸರಿನ ನಕಲುಗಳಿಗೆ ಲೆಕ್ಕವಿಲ್ಲ. ಆದರೆ ಅಸಲಿಯೋ ನಕಲಿಯೋ ಎಂದು ನೋಡುವ ಜಾಗವನ್ನೇ ಅವನು ಉಜ್ಜಿ ಹಾಕಿದ್ದ. ಅಲಗಿನ ಮೇಲಿನ ಬೂದುಗಪ್ಪು ಬಣ್ಣ ಉಕ್ಕಿಗೆ ಬರುವ ವಯಸ್ಸು, ಅದರಿಂದ ಕೇಡಿಲ್ಲ. ಕೇಡು ಮಾಡುವುದು ಪುಡಿಪುಡಿಯಾಗಿ ಉದುರುವ ಕೆಂಪು ತುಕ್ಕು. ಅದಕ್ಕೆ ಒಂದು ಹನಿ ಎಣ್ಣೆ, ಹಳೆ ಅರಿವೆ, ಬಹಳವಾದರೆ ಬಿದಿರಿನ ಕಡ್ಡಿ ಸಾಕು.

ಎಣ್ಣೆಯ ಪಾಠ ಬೇರೆಯೇ ಇದೆ. ಮನೆಯಲ್ಲಿದ್ದ ಶೇಂಗಾ ಎಣ್ಣೆಯನ್ನೇ ಕೀಲಿಗೆ ಬಿಟ್ಟ. ಬೇಸಿಗೆ ಕಳೆಯುವಷ್ಟರಲ್ಲಿ ಅದು ಅಂಟಾಗಿ, ತೆರೆದಾಗ ‘ಟಕ್’ ಎನ್ನುತ್ತಿದ್ದ ಚಾಕು ಮೂಕವಾಯಿತು. ಈಗ ಹೊಲಿಗೆ ಮಷೀನಿನ ಎಣ್ಣೆ. ಆ ‘ಟಕ್’ ಸಣ್ಣ ಸಂಗತಿಯೇನಲ್ಲ. ಬೆನ್ನಿನ ಸ್ಪ್ರಿಂಗು ಇನ್ನೂ ಗಟ್ಟಿಯಿದೆ ಎಂಬುದಕ್ಕೆ ಅದೇ ಸಾಕ್ಷಿ. ಮುಚ್ಚಿದಾಗ ಅಲಗು ಹಿಡಿಕೆಯ ನಡುಮಧ್ಯೆ ಕೂರದೆ ಒಂದು ಬದಿಗೆ ಒರಗಿದರೆ ಕೀಲು ಸವೆದಿದೆ, ಇಲ್ಲವೇ ಯಾರೋ ಬೇರೆ ಚಾಕುವಿನ ಅಲಗು ತಂದು ಕೂಡಿಸಿದ್ದಾರೆ.

ಎರಡನೆಯ ಪೆಟ್ಟು ಬಿದ್ದದ್ದು ಬಾಗಲಕೋಟೆಯ ಗುಜರಿ ಅಂಗಡಿಯೊಂದರಲ್ಲಿ. “ವಿಕ್ಟೋರಿಯಾ ರಾಣಿ ಕಾಲದ್ದರಿ ಸರ, ಕಣ್ಮುಚ್ಚಿ ಒಯ್ರಿ” ಅಂದರು. ನಿಜಕ್ಕೂ ಕಣ್ಣು ಮುಚ್ಚಿಯೇ ಒಯ್ದ. ಒಂಬೈನೂರು ರೂಪಾಯಿ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಬುಡದಲ್ಲಿ ‘ಸ್ಟೇನ್‌ಲೆಸ್’ ಎಂಬ ಇಂಗ್ಲಿಷ್ ಪದ. ರಾಣಿ ತೀರಿಕೊಂಡದ್ದು 1901ರಲ್ಲಿ. ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಕಾಯಿಸಿದ್ದು 1913ರಲ್ಲಿ. ಒಂದು ಪದ ಓದಿದ್ದರೆ ಒಂಬೈನೂರು ಉಳಿಯುತ್ತಿತ್ತು.

ಓದಿದರೂ ಮೋಸ ಹೋಗುವುದುಂಟು. ಅಮೆರಿಕದ 1890ರ ಸುಂಕದ ಕಾನೂನು ಆಮದು ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದಿತು. ಹಾಗಾಗಿ ‘ಇಂಗ್ಲೆಂಡ್’ ಎಂಬ ಪದವಿದ್ದರೆ ಚಾಕು ಬಹುಮಟ್ಟಿಗೆ ಅದರ ನಂತರದ್ದು. ಪದ ಇಲ್ಲದಿದ್ದರೆ ಅದಕ್ಕೂ ಹಿಂದಿನದು ಎಂದು ಅವನು ಬಹಳ ದಿನ ನಂಬಿದ್ದ. ಆದರೆ ಆ ಕಾನೂನು ಇದ್ದದ್ದು ಅಮೆರಿಕದ ಬಂದರಿಗೆ, ಮುಂಬಯಿಯ ಬಂದರಿಗಲ್ಲ.

ಇನ್ನು ಕರ್ಪೂರದ ಪ್ರಸಂಗ. ಆಮೆಚಿಪ್ಪಿನ ಬಣ್ಣದ ಹಿಡಿಕೆಯ ಚೆಂದದ ಚಾಕು ಸಿಕ್ಕಿತು. ಉಳಿದವುಗಳ ಜೊತೆ ತಗಡಿನ ಡಬ್ಬಿಯಲ್ಲಿಟ್ಟ. ಒಂದು ದಿನ ಡಬ್ಬಿ ತೆರೆದಾಗ ಅವ್ವ, “ದೇವರ ಮನಿ ಡಬ್ಬಿ ಇಲ್ಯಾಕ ತಂದಿಟ್ಟೀಯೋ?” ಎಂದಳು. ಅಂದೇ ಎಚ್ಚರವಾಗಬೇಕಿತ್ತು. ಹಿಡಿಕೆ ಚಿಪ್ಪಿನದಲ್ಲ, ಸೆಲ್ಯುಲಾಯ್ಡ್. ಅದನ್ನು ಮಾಡುವಾಗ ಕರ್ಪೂರ ಬೆರೆಸುತ್ತಾರೆ. ಹೆಬ್ಬೆರಳಿನಿಂದ ಬಿರಬಿರನೆ ಉಜ್ಜಿ ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ. ಕಾದ ಸೂಜಿ ಚುಚ್ಚಿ ನೋಡುವ ಸಾಹಸ ಬೇಡ, ಭಗ್ಗನೆ ಹೊತ್ತುವ ವಸ್ತು ಅದು. ಹಳತಾದ ಸೆಲ್ಯುಲಾಯ್ಡ್ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದರ ಸ್ವಂತ ಅಲಗಿಗೂ ಪಕ್ಕದ ಮೂರು ಚಾಕುಗಳಿಗೂ ಕೆಂಪು ತುಕ್ಕು ಹತ್ತಿತ್ತು. ಈಗ ಅದೊಂದು ಬೇರೆ, ಗಾಳಿಯಾಡುವ ಕಪಾಟಿನಲ್ಲಿದೆ.

ಶೆಫೀಲ್ಡ್ ಚಾಕುವಿಗೂ ಈ ಸೀಮೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ಜಿಲ್ಲೆಯ ಕಚೇರಿಗಳು 1880ರ ದಶಕದಲ್ಲಿ ವಿಜಾಪುರಕ್ಕೆ ಹೋಗುವ ಮೊದಲು ಕಲಾದಗಿಯಲ್ಲಿದ್ದವು, ಅಲ್ಲಿ ಬ್ರಿಟಿಷರ ದಂಡೂ ಇತ್ತು. ಆದರೆ ಲೇಖನಿ ಹೆರೆಯುವ ಸಣ್ಣ ಚಾಕುವಿಗೆ ದೊರೆಗಳೇ ಬೇಕೆಂದಿರಲಿಲ್ಲ. ಊರೂರಿನ ಕುಲಕರ್ಣಿಗಳು ಬರೆಯುತ್ತಿದ್ದ ಲೆಕ್ಕಣಿಕೆಯ ಮೊನೆಗೂ ಹರಿತ ಬೇಕಿತ್ತು. 1950ರ ಮುಂಬಯಿ ಕಾನೂನು ಕುಲಕರ್ಣಿ ವತನಗಳನ್ನು ರದ್ದು ಮಾಡಿದ ಮೇಲೆ ದಫ್ತರದ ಗಂಟುಗಳು ಅಟ್ಟ ಸೇರಿದವು. ಹುನಗುಂದದ ಕಡೆಯ ಹಳೆ ಮನೆಯೊಂದರಲ್ಲಿ ಮಸಿಕುಡಿಕೆಯ ಜೊತೆ ಅಂಥದ್ದೊಂದು ಸಿಕ್ಕಿತು. ಹೆಸರಿಲ್ಲ, ಚಿಕ್ಕಿಯಿಲ್ಲ, ಊರ ಕಮ್ಮಾರನ ಕೈಕೆಲಸ. ಅಲಗು ಹಿಡಿಕೆಯ ಹತ್ತಿರ ಪೂರ್ತಿ ಅಗಲವಿದ್ದು ತುದಿಯತ್ತ ಮಾತ್ರ ಸವೆದಿತ್ತು. ಕಡ್ಡಿ ಹೆರೆದ ಕೈ ಅದು. ಇಂಗ್ಲಿಷ್ ಗುರುತಿಗಿಂತ ಆ ಸವಕಳಿಯೇ ಹೆಚ್ಚು ನಂಬಿಕೆಗೆ ಯೋಗ್ಯ ಎಂಬುದು ಅವನ ಈಗಿನ ಅಭಿಪ್ರಾಯ.

ಇದೇ ಕಣ್ಣು ಅಡಕೊತ್ತಿಗೂ ಬೇಕು. ಎಲಿಚಂಚಿಯಲ್ಲಿ ಚಾಕುವಿನ ಒಡಹುಟ್ಟು ಅದು. ಪುಣೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯದಲ್ಲಿ ಬಗೆಬಗೆಯ ಅಡಕೊತ್ತುಗಳಿವೆ. ಅದನ್ನು ಕಟ್ಟಿದವರು 1920ರ ಸುಮಾರಿಗೆ ಸಂಗ್ರಹ ಶುರುಮಾಡಿದ್ದರು. ಆ ಅಡಕೊತ್ತುಗಳನ್ನು ಕಂಡು ಬಂದ ಅವನು ಕುದುರೆ ಆಕಾರದ ಹಿತ್ತಾಳೆಯದೊಂದನ್ನು ಖುಷಿಯಿಂದ ಕೊಂಡ. ಓಣಿಯ ಅಜ್ಜಿ ಒಂದು ಗೋಟಡಕಿ ಇಟ್ಟು ಒತ್ತಿದಳು. ಅಡಕೆ ಜಾರಿ ಪಡಸಾಲೆಯ ಆಚೆ ಹೋಯಿತು. “ಇದು ಅಡಕಿ ಒಡಿಯಾಂಗಿಲ್ಲೋ ತಮ್ಮಾ, ಬಟ್ಟ ಒಡಿತೈತಿ” ಎಂದು ನಕ್ಕಳು. ಅಲಗು ಕೆಳದವಡೆಗೆ ಕೂಡುತ್ತಲೇ ಇರಲಿಲ್ಲ. ಗೋಡೆಗೆ ತೂಗುಹಾಕಲೆಂದೇ ಎರಕ ಹೊಯ್ದದ್ದು. ಅಜ್ಜಿಯ ಸ್ವಂತ ಅಡಕೊತ್ತಿನ ಕೆಳದವಡೆಯಲ್ಲಿ ಅಡಕೆ ಕೂರುವಷ್ಟೇ ತಗ್ಗು ಬಿದ್ದಿತ್ತು. ಅಂಥ ತಗ್ಗನ್ನು ಪುಡಿ ಹಚ್ಚಿ, ಹೊಗೆ ಹಿಡಿಸಿ ತರಲಾಗುವುದಿಲ್ಲ.

ಕಾನೂನಿನ ಮಾತೂ ಉಂಟು. ನೂರು ವರ್ಷ ದಾಟಿದ ಇಂಥ ಕರಕುಶಲ ವಸ್ತು 1972ರ ಪ್ರಾಚೀನ ವಸ್ತುಗಳ ಕಾಯ್ದೆಗೆ ಒಳಪಟ್ಟೀತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅದೇ ವರ್ಷದ ವನ್ಯಜೀವಿ ಕಾಯ್ದೆಯ ಪ್ರಕಾರ ಕಡವೆ ಕೊಂಬು, ಆನೆದಂತದ ಹಿಡಿಕೆಗಳ ವ್ಯಾಪಾರಕ್ಕೂ ಕೈ ಹಾಕಬಾರದು. ಹಳೆಯದಲ್ಲವೇ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಈಗ ಅವನ ಬಳಿ ಒಂದು ಕೆಂಪು ರಟ್ಟಿನ ಖಾತೆಪುಸ್ತಕವಿದೆ. ಎಲ್ಲಿ ಸಿಕ್ಕಿತು, ಕೊಟ್ಟ ದುಡ್ಡು, ಮಾರಿದವರು ಹೇಳಿದ ಕತೆ, ಹಿಡಿಕೆ, ಸವಕಳಿ, ಗುರುತು ಎಂದು ಮನೆ ಹಾಕಿಕೊಂಡಿದ್ದಾನೆ. ಮಾರಿದವರ ಕತೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ. ಮೊದಲ ಪುಟದ ಮೊದಲ ಸಾಲು ಬನಶಂಕರಿಯ ಚಾಕುವಿನದು. ಗುರುತಿನ ಮನೆಯಲ್ಲಿ ಒಂದೇ ಪದವಿದೆ: ‘ಇತ್ತು’.