ಗದುಗಿನ ಎಡಗೈ ಎಸೆತಗಾರ

1997ರ ಆಗಸ್ಟ್‌ನಲ್ಲಿ ಹೊಸ ಜಿಲ್ಲೆಗಳು ಅಸ್ತಿತ್ವಕ್ಕೆ ಬರುವವರೆಗೆ ಗುತ್ತಲವೂ ಗದಗವೂ ಧಾರವಾಡವೆಂಬ ಒಂದೇ ಜಿಲ್ಲೆಗೆ ಸೇರಿದ್ದವು. ಆ ದೊಡ್ಡ ಜಿಲ್ಲೆಯ ಹೆಸರು ಹೇಳಿದೊಡನೆ ಸಂಗೀತಗಾರರೂ ಸಾಹಿತಿಗಳೂ ಸಾಲುಗಟ್ಟಿ ನೆನಪಿಗೆ ಬರುತ್ತಾರೆ. ಕ್ರಿಕೆಟ್ ಆಟಗಾರರ ನೆನಪು ಬರುವುದು ವಿರಳ. 1996ರ ಜೂನ್ 6ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಭಾರತದ ಪರವಾಗಿ ತಮ್ಮ ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದ ಸುನೀಲ್ ಬಂಡಾಚಾರ್ಯ ಜೋಶಿಯವರು ಇದೇ ಜಿಲ್ಲೆಯ ಗದುಗಿನವರು. ಅಂದೇ ಅವರ ಜನ್ಮದಿನವೂ ಆಗಿತ್ತು. 26 ವರ್ಷ ತುಂಬಿತ್ತು. ಆ ಪಂದ್ಯದ ಭಾರತ ತಂಡದಲ್ಲಿ ಶ್ರೀನಾಥ್, ವೆಂಕಟೇಶ ಪ್ರಸಾದ್, ಕುಂಬ್ಳೆ, ಜೋಶಿ ಎಂಬ ನಾಲ್ವರು ಕರ್ನಾಟಕದ ಎಸೆತಗಾರರಿದ್ದರೆಂಬುದು ಇಂದು ಕೇಳಿದರೆ ಬೆರಗು ಹುಟ್ಟಿಸುವ ಸಂಗತಿ.

ಆ ನಾಲ್ವರಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರು ಜೋಶಿಯವರಿಗಿಂತ ನಾಲ್ಕು ತಿಂಗಳಷ್ಟು ಕಿರಿಯರು. ಆದರೆ ಅವರು ಮೊದಲ ಟೆಸ್ಟ್ ಆಡಿದ್ದು 1990ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ. ಇಬ್ಬರ ನಡುವಿನ ಈ ಆರು ವರ್ಷಗಳ ಅಂತರಕ್ಕೆ ಪ್ರತಿಭೆಯ ವ್ಯತ್ಯಾಸವೂ ಕಾರಣವಿರಬಹುದು. ಕುಂಬ್ಳೆಯವರಂಥವರು ಎಲ್ಲಿಯೂ ಅಪರೂಪ. ಆದರೂ ಊರಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜೋಶಿಯವರ ಕ್ರೀಡಾಜೀವನವನ್ನು ಅರಿಯಲಾಗದು. ಬಾಲಕ ಸುನೀಲ್ ಬೆಳಿಗ್ಗೆ ಎದ್ದು ಸುಮಾರು ನಲವತ್ತು ಮೈಲಿ ದೂರದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದುಗಿಗೆ ಮರಳುತ್ತಿದ್ದ ಸಂಗತಿ ಪ್ರಸಿದ್ಧವಾಗಿದೆ. ಹೀಗೆ ದಿನವೂ ಎಂಬತ್ತು ಮೈಲಿ ಸುತ್ತಿ ಬಂದ ಹುಡುಗ ತರಗತಿಯಲ್ಲಿ ಕುಳಿತಿರುತ್ತಿದ್ದನೆಂಬುದನ್ನು ಶಿಕ್ಷಕರಾದವರು ಒಂದು ಗಳಿಗೆ ಕಲ್ಪಿಸಿಕೊಳ್ಳಬೇಕು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಚೆಂಡೆಸೆಯುವವನೇ ಪಂದ್ಯದ ಆಧಾರಸ್ತಂಭ. ಅವನನ್ನು ಪಿಚರ್ ಎನ್ನುತ್ತಾರೆ. ಅರುವತ್ತು ಅಡಿ ಆರು ಅಂಗುಲ ದೂರದಿಂದ ಅವನು ಎಸೆದ ಚೆಂಡು ನೆಲವನ್ನು ಮುಟ್ಟದೆ ದಾಂಡಿಗನ ಬಳಿ ಸಾಗುತ್ತದೆ; ಅದರ ಬಾಗು ಬಳುಕೆಲ್ಲವೂ ಗಾಳಿಯಲ್ಲಿಯೇ. ಅಲ್ಲಿ ದೊಡ್ಡ ತಂಡಗಳ ಕೆಳಗೆ ಸಣ್ಣ ಊರುಗಳ ವೃತ್ತಿಪರ ತಂಡಗಳಿವೆ. ಎಳೆಯ ಪಿಚರ್ ಆ ಊರುಗಳಲ್ಲಿ ಆಡುತ್ತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾನೆ. ಮೆಟ್ಟಿಲು ಅವನ ಕಾಲಬುಡಕ್ಕೇ ಬಂದಿರುತ್ತದೆ. ಗದುಗಿನ ಹುಡುಗನಿಗಾದರೋ ಮೊದಲ ಮೆಟ್ಟಿಲೇ ನಲವತ್ತು ಮೈಲಿ ದೂರದಲ್ಲಿತ್ತು.

ಕ್ರಿಕೆಟ್ಟಿನಲ್ಲಿ ಚೆಂಡು ನೆಲಕ್ಕೆ ತಾಗಿ ಏಳುವುದರಿಂದ ನೆಲದ ಗುಣವೇ ಎಸೆತಗಾರನ ಪಾಠಶಾಲೆ. ಆ ದಶಕಗಳಲ್ಲಿ ಜಿಲ್ಲೆಯ ಊರುಗಳ ಪಂದ್ಯಗಳು ಬಹುಮಟ್ಟಿಗೆ ನಾರಿನ ಚಾಪೆ ಹಾಸಿದ ಅಂಕಣದಲ್ಲಿ ನಡೆಯುತ್ತಿದ್ದವು. ಚಾಪೆಯ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಬೆರಳಿನ ಅಲ್ಪ ತಿರುವಿಗೂ ಹೊರಳುತ್ತದೆ. ಹುಲ್ಲು ಕತ್ತರಿಸಿ ಉರುಳುಗಲ್ಲು ಎಳೆದ ಮಣ್ಣಿನ ಅಂಕಣ ಹಾಗಲ್ಲ. ಅಲ್ಲಿ ಮೊದಲ ದಿನ ಚೆಂಡು ತಿರುಗುವುದೇ ಇಲ್ಲ. ಸ್ಪಿನ್ ಎಸೆತಗಾರ ಅದನ್ನು ಗಾಳಿಯಲ್ಲಿ ತೇಲಿಸಿ, ಬೀಳುವ ಜಾಗವನ್ನು ಒಂದು ಗೇಣು ಹಿಂದುಮುಂದು ಮಾಡಿ ದಾಂಡಿಗನನ್ನು ವಂಚಿಸಬೇಕು. ಚಾಪೆಯ ಮೇಲೆ ಬೆಳೆದವನು ಮಣ್ಣಿಗೆ ಬಂದಾಗ ಕಲಿತದ್ದನ್ನು ಅರ್ಧ ಮರೆತು ಮತ್ತೆ ಕಲಿಯಬೇಕಾಗುತ್ತದೆ. ಹಳ್ಳಿಗಾಡಿನ ಪ್ರತಿಭೆಗಳು ರಾಜಧಾನಿಯ ಆಯ್ಕೆಯ ಶಿಬಿರಗಳಲ್ಲಿ ಮಂಕಾಗಿ ಕಾಣುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅದನ್ನು ಹುಡುಗರ ದೌರ್ಬಲ್ಯವೆಂದು ಬಗೆದದ್ದು ಅನ್ಯಾಯವೇ ಸರಿ.

ಎಡಗೈ ಸ್ಪಿನ್ನಿನ ಶಕ್ತಿ ಎಲ್ಲಿದೆ? ಬಲಗೈ ದಾಂಡಿಗನ ಕಾಲಿನತ್ತ ಬಿದ್ದಂತೆ ತೋರಿದ ಚೆಂಡು ನೆಲ ಮುಟ್ಟಿ ಅವನಿಂದ ದೂರಕ್ಕೆ ಸರಿಯುತ್ತದೆ. ಅವನು ಅದನ್ನು ಅರಸಿಕೊಂಡು ಹೋಗಬೇಕು. ಕರ್ನಾಟಕದಲ್ಲಿ ಈ ಕಲೆಗೆ ಹಿಂದೆಯೇ ಒಂದು ಪರಂಪರೆ ಇತ್ತು. 1981-82ರ ರಣಜಿ ಉಪಾಂತ್ಯ ಪಂದ್ಯದಲ್ಲಿ ಬೆಂಗಳೂರಿನಲ್ಲಿ ರಘುರಾಮ್ ಭಟ್ಟರ ಎಡಗೈ ಎಸೆತಗಳನ್ನು ಎದುರಿಸಲು ಸುನೀಲ್ ಗಾವಸ್ಕರರಂಥವರೇ ಎಡಗೈ ದಾಂಡಿಗನಂತೆ ತಿರುಗಿ ನಿಂತು ಆಡಿದರು. ಆ ಪರಂಪರೆಗೆ ಜೋಶಿಯವರು 1992-93ರಲ್ಲಿ ಸೇರಿದರು. 1995-96ರಲ್ಲಿ ಕರ್ನಾಟಕ ರಣಜಿ ಪಾರಿತೋಷಕ ಗೆದ್ದಾಗ ಆ ಒಂದೇ ಋತುವಿನಲ್ಲಿ ಐನೂರಕ್ಕೂ ಮಿಕ್ಕಿ ರನ್ ಗಳಿಸಿ, ಐವತ್ತಕ್ಕೂ ಮಿಕ್ಕಿ ವಿಕೆಟ್ ಕಿತ್ತರು. ಭಾರತ ತಂಡದ ಬಾಗಿಲು ತೆರೆದದ್ದು ಈ ದುಡಿಮೆಯಿಂದ.

ಜನರು ಅವರನ್ನು ನೆನೆಯುವುದು ಹೆಚ್ಚಾಗಿ ಒಂದೇ ದಿನದಿಂದ. 1999ರ ಸೆಪ್ಟೆಂಬರ್ 26ರಂದು ಕೆನ್ಯಾ ದೇಶದ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಅವರು ಹತ್ತು ಓವರ್ ಎಸೆದರು. ಅವುಗಳಲ್ಲಿ ಆರು ಓವರುಗಳಲ್ಲಿ ಒಂದು ರನ್ನೂ ಬರಲಿಲ್ಲ. ಉಳಿದ ನಾಲ್ಕರಲ್ಲಿ ಒಟ್ಟು ಬಂದದ್ದು ಆರು. ವಿಕೆಟ್ಟುಗಳು ಐದು. ಉರುಳಿದವರೂ ಸಾಮಾನ್ಯರಲ್ಲ: ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್ ಆ ಸಾಲಿನಲ್ಲಿದ್ದರು. ದಕ್ಷಿಣ ಆಫ್ರಿಕ 117 ರನ್ನುಗಳಿಗೆ ಮುಗಿಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಚೆಂಡೆಸೆತದ ಕಲೆಯನ್ನು ಕಲಿಯುವವನು ಇಲ್ಲಿ ಗಮನಿಸಬೇಕಾದುದು ಐದು ವಿಕೆಟ್ಟುಗಳಿಗಿಂತ ಆ ಆರು ರನ್ನುಗಳನ್ನು. ಒಂದು ದಿನದ ಪಂದ್ಯದಲ್ಲಿ ರನ್ ಬಾರದಿದ್ದರೆ ದಾಂಡಿಗನ ತಾಳ್ಮೆ ಕೆಡುತ್ತದೆ. ಅರುವತ್ತು ಎಸೆತಗಳನ್ನು ಬೇಕಾದ ಜಾಗದಲ್ಲಿಯೇ ಬೀಳಿಸಬಲ್ಲವನಿಗೆ ವಿಕೆಟ್ ತಾನಾಗಿ ನಡೆದು ಬರುತ್ತದೆ.

ಆದರೆ ನೈರೋಬಿಗಿಂತ ದೊಡ್ಡ ಕೆಲಸ ನಡೆದದ್ದು ಢಾಕಾದಲ್ಲಿ. 2000ದ ನವೆಂಬರ್‌ನಲ್ಲಿ ಬಾಂಗ್ಲಾದೇಶ ತನ್ನ ಚರಿತ್ರೆಯ ಮೊದಲ ಟೆಸ್ಟ್ ಆಡಿತು. ಸೌರವ್ ಗಂಗೂಲಿಯವರಿಗೂ ಟೆಸ್ಟ್ ನಾಯಕರಾಗಿ ಅದೇ ಮೊದಲನೆಯದು. ಹೊಸ ತಂಡ 400 ರನ್ ಪೇರಿಸಿ ಎಲ್ಲರನ್ನೂ ಚಕಿತಗೊಳಿಸಿತು. ಆ ಸರದಿಯಲ್ಲಿ 142 ರನ್ ಕೊಟ್ಟು ಐದು ವಿಕೆಟ್ ಪಡೆದ ಜೋಶಿಯವರು, ಭಾರತದ ದಾಂಡಿಗರು ತಡವರಿಸಿದಾಗ ನಾಯಕನೊಡನೆ ನಿಂತು 92 ರನ್ ಗಳಿಸಿದರು. ಎರಡನೆಯ ಸರದಿಯಲ್ಲಿ ಮತ್ತೆ ಮೂರು ವಿಕೆಟ್. ಬಾಂಗ್ಲಾದೇಶ 91ಕ್ಕೆ ಕುಸಿಯಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಸಹಜವಾಗಿಯೇ ಗದುಗಿನವರಿಗೆ ಸಂದಿತು.

ಅದೇ ತಿಂಗಳಿನಲ್ಲಿ ಅವರ ಟೆಸ್ಟ್ ಜೀವನ ಮುಗಿದುಹೋಯಿತು. 2001ರ ಫೆಬ್ರವರಿ-ಮಾರ್ಚ್‌ನಲ್ಲಿ ಆಸ್ಟ್ರೇಲಿಯ ಬಂದು ಮೂರು ಟೆಸ್ಟ್ ಆಡಿದಾಗ ಭಾರತ ಮೂರು ಪಂದ್ಯಗಳಿಗೂ ಎಡಗೈ ಸ್ಪಿನ್ನರನ್ನು ಬಳಸಿತು: ಮುಂಬಯಿಯಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ. ಮೂವರಿಗೆ ಒದಗಿದ ಅವಕಾಶ ನಾಲ್ಕು ತಿಂಗಳ ಹಿಂದಿನ ಪಂದ್ಯಶ್ರೇಷ್ಠನಿಗೆ ಒದಗಲಿಲ್ಲ. ಹದಿನೈದು ಟೆಸ್ಟುಗಳಲ್ಲಿ 41 ವಿಕೆಟ್, 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್: ಇಷ್ಟರಲ್ಲಿ ಅಂತರರಾಷ್ಟ್ರೀಯ ಲೆಕ್ಕ ನಿಂತಿತು.

ಇಲ್ಲಿಗೆ ಬೇರೊಬ್ಬರಾಗಿದ್ದರೆ ಬೇಸತ್ತು ಚೆಂಡು ಕೆಳಗಿಡುತ್ತಿದ್ದರೇನೋ. ಜೋಶಿಯವರು ಮತ್ತೆ ಸುಮಾರು ಹತ್ತು ವರ್ಷ ದೇಶೀಯ ಪಂದ್ಯಗಳಲ್ಲಿ ದುಡಿದರು. ಪ್ರೇಕ್ಷಕರೇ ಇಲ್ಲದ ಮೈದಾನಗಳಲ್ಲಿ, ನಾಲ್ಕು ದಿನಗಳ ಬಿಸಿಲಿನಲ್ಲಿ, ಮೊನ್ನೆ ಮೊನ್ನೆ ಶಾಲೆ ಬಿಟ್ಟು ಬಂದ ಹುಡುಗರಿಗೆ ಎಸೆದರು. 2012ರಲ್ಲಿ ನಿವೃತ್ತಿ ಘೋಷಿಸಿದಾಗ ಪ್ರಥಮ ದರ್ಜೆಯ 160 ಪಂದ್ಯಗಳಿಂದ ಅವರ ಹೆಸರಿನಲ್ಲಿ 615 ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್ ಇದ್ದವು. ನೈರೋಬಿಯ ಆ ಅರುವತ್ತು ಎಸೆತಗಳ ಹಿಂದೆ ಮುಂದೆ ಇದ್ದ ಸಾವಿರಾರು ಓವರುಗಳು ಈ ಲೆಕ್ಕದಲ್ಲಿವೆ.

ಅನಂತರ ಅವರು ಬೋಧಕರಾದರು. ಒಮಾನ್, ಬಾಂಗ್ಲಾದೇಶ ತಂಡಗಳ ಸ್ಪಿನ್ನರುಗಳಿಗೆ ಪಾಠ ಹೇಳಿದರು. 2020ರಲ್ಲಿ ಕೆಲ ತಿಂಗಳು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಆದರೆ ಅವರ ಬೋಧಕ ಜೀವನದಲ್ಲಿ ಜಮ್ಮು-ಕಾಶ್ಮೀರದ ಅಧ್ಯಾಯವೇ ಬೇರೆ. 2014ರ ಸೆಪ್ಟೆಂಬರ್‌ನ ಮಹಾಪೂರದಲ್ಲಿ ಶ್ರೀನಗರದ ಕ್ರೀಡಾಂಗಣ ಜಲಾವೃತವಾಗಿ, ಆ ತಂಡಕ್ಕೆ ಅಭ್ಯಾಸಕ್ಕೆ ತನ್ನದೆಂಬ ಅಂಕಣವೇ ಇಲ್ಲದಂತಾಯಿತು. ಸ್ವಂತ ಊರಿನಲ್ಲಿ ಅಭ್ಯಾಸಕ್ಕೆ ಆಸರೆಯಿಲ್ಲದೆ ಬೆಳೆದ ಬೋಧಕನ ಕೈಗೆ ಮೈದಾನ ಕಳೆದುಕೊಂಡ ಹುಡುಗರು ಸಿಕ್ಕಿದ್ದರು. ಅದೇ ಡಿಸೆಂಬರಿನಲ್ಲಿ ಅವರು, ಅದುವರೆಗೆ ನಲವತ್ತು ಬಾರಿ ರಣಜಿ ಗೆದ್ದಿದ್ದ ಮುಂಬಯಿಯನ್ನು ಅದರ ವಾಂಖೆಡೆ ಅಂಗಣದಲ್ಲಿಯೇ ನಾಲ್ಕು ವಿಕೆಟ್‌ಗಳಿಂದ ಸೋಲಿಸಿದರು.

ಇತ್ತ ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ನಿರ್ಮಿಸಿದ ಹೊಸ ಮೈದಾನದಲ್ಲಿ, ಜೋಶಿಯವರು ನಿವೃತ್ತರಾದ 2012ರಲ್ಲಿಯೇ, ಕರ್ನಾಟಕ ಹರಿಯಾಣದ ಎದುರು ರಣಜಿ ಪಂದ್ಯವಾಡಿತು. ಮಣ್ಣಿನ ಅಂಕಣ ಈಗ ಹುಬ್ಬಳ್ಳಿಯವರೆಗೆ ಬಂದಿದೆ.