ಗೊಂಬೆಯಾಡಿಸುವವರ ಜಗತ್ತಿನ ಸಂಘ ಹೇಗೆ ನಡೆಯುತ್ತದೆ?



ಹೋದ ವರ್ಷ ನಾವು ಆರನೇ ತರಗತಿಯಲ್ಲಿದ್ದಾಗ ಒಂದು ಗೊಂಬೆಯಾಟದ ಸಂಘ ಮಾಡಿದ್ದೆವು. ಅದು ನಿಮಗೆಲ್ಲ ನೆನಪಿರಬಹುದು. 14 ಜನ ತಲಾ 10 ರೂಪಾಯಿ ಹಾಕಿ 140 ರೂಪಾಯಿ ಕೂಡಿಸಿದ್ದೆವು. ಹಳೇ ಕಾಲುಚೀಲ, ತೆಂಗಿನ ಚಿಪ್ಪು, ಸೀರೆ ತುಂಡುಗಳಿಂದ ಮೂರು ಗೊಂಬೆ ಮಾಡಿ ಒಂದೇ ಒಂದು ಆಟ ಆಡಿದೆವು. ಆಮೇಲೆ ಜಗಳ ಬಂತು. ಬಣ್ಣಕ್ಕೆ 60, ಅಂಟಿಗೆ 30, ಸೂಜಿ ದಾರಕ್ಕೆ 25, ಒಟ್ಟು 115 ರೂಪಾಯಿ ಖರ್ಚು. ಉಳಿದ 25 ರೂಪಾಯಿ ಎಲ್ಲಿ ಅಂತ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರ ಮೇಲೆ ಒಬ್ಬರು ಹೇಳಿದರು. ಗೊಂಬೆಗಳನ್ನು ಆಟದ ಸಾಮಾನಿನ ಮೂಲೆಯಲ್ಲಿ ಚೀಲದಲ್ಲಿ ಇಟ್ಟಿದ್ದೆವು, ರಾಜನ ಗೊಂಬೆಯನ್ನು ಇಲಿ ಕಡಿಯಿತು. ಸಂಘ ಅಲ್ಲಿಗೆ ಮುಗಿಯಿತು.

ಆ ಸಂಘದ ಖಜಾಂಚಿ ನಾನೇ. ನಾನು ಲೆಕ್ಕ ಬರೆದಿರಲಿಲ್ಲ. ಈ ಮಾತನ್ನು ಇಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ, ಈಗ ಗೋಡೆ ಪತ್ರಿಕೆಯಲ್ಲೇ ಬರೀತಿದ್ದೇನೆ.

ನಮ್ಮ ಕನ್ನಡ ಮೇಷ್ಟ್ರು ಆಗ ಬೈಯಲಿಲ್ಲ. "ಏನಮ್ಮಾ, ಗೊಂಬೆ ಮಾಡೋದು ಕಲಿತಿರಿ, ಸಂಘ ಮಾಡೋದು ಕಲೀಲಿಲ್ಲ. ಜಗತ್ತಿನ ಗೊಂಬೆಯಾಟದವರೆಲ್ಲ ಸೇರಿ ಒಂದು ಸಂಘ ನಡೆಸ್ತಾರೆ, ಅದು ಹೇಗೆ ಅಂತ ಓದ್ಕೊಂಡು ಬಾ" ಅಂದರು. ಅವರು ತಂದುಕೊಟ್ಟದ್ದನ್ನು ಓದಿ ತಿಳಿದುಕೊಂಡದ್ದನ್ನು ಈ ಪಾಠದಲ್ಲಿ ಬರೆದಿದ್ದೇನೆ.

1. ಸಂಘದ ಹುಟ್ಟು

ಆ ಸಂಘದ ಹೆಸರು ಯುನಿಮಾ. ಇದು ಫ್ರೆಂಚ್ ಭಾಷೆಯ ಹೆಸರಿನ ಮೊದಲ ಅಕ್ಷರಗಳಿಂದ ಆದ ಪದ. ಕನ್ನಡದಲ್ಲಿ ಹೇಳುವುದಾದರೆ "ಅಂತಾರಾಷ್ಟ್ರೀಯ ಗೊಂಬೆಯಾಟ ಒಕ್ಕೂಟ" ಎನ್ನಬಹುದು. ಹೆಸರು ಫ್ರೆಂಚ್ ಆದರೂ ಹುಟ್ಟಿದ್ದು ಫ್ರಾನ್ಸಿನಲ್ಲಿ ಅಲ್ಲ. 1929ರ ಮೇ ತಿಂಗಳಲ್ಲಿ ಯುರೋಪಿನ ಚೆಕೊಸ್ಲೊವಾಕಿಯಾ ದೇಶದ ಪ್ರಾಗ್ ನಗರದಲ್ಲಿ. (ಈಗ ಪ್ರಾಗ್ ಚೆಕ್ ಗಣರಾಜ್ಯದ ರಾಜಧಾನಿ.) ನಾಟಕ, ರಂಗಭೂಮಿಗೆ ಸಂಬಂಧಪಟ್ಟ ಅಂತಾರಾಷ್ಟ್ರೀಯ ಸಂಘಗಳಲ್ಲೆಲ್ಲ ಇದೇ ಅತ್ಯಂತ ಹಳೆಯದು.

ಪ್ರಾಗಿನಲ್ಲೇ ಯಾಕೆ? ಆ ದೇಶದಲ್ಲಿ ಸೂತ್ರದ ಗೊಂಬೆಯಾಟ ಹಳ್ಳಿ ಹಳ್ಳಿಗೂ ಗೊತ್ತಿತ್ತು. ಅಲ್ಲಿ ಗೊಂಬೆಯಾಟಕ್ಕೇ ಮೀಸಲಾದ ಪತ್ರಿಕೆಯೊಂದು 1912ರಲ್ಲೇ ಶುರುವಾಗಿತ್ತು. ಅದನ್ನು ಶುರುಮಾಡಿದ ಯಿಂದ್ರಿಖ್ ವೆಸೆಲಿ ಎಂಬ ವಿದ್ವಾಂಸರೇ ಯುನಿಮಾದ ಮೊದಲ ಅಧ್ಯಕ್ಷರಾದರು. ಮೊದಲು ಪತ್ರಿಕೆ ಬಂತು, ಸಂಘ ಆಮೇಲೆ ಬಂತು. ಇದನ್ನು ಓದಿದಾಗ ನನಗೆ ಖುಷಿಯಾಯ್ತು, ಯಾಕೆಂದರೆ ನಮ್ಮಲ್ಲಿ ಗೋಡೆ ಪತ್ರಿಕೆಯಾದರೂ ಇದೆಯಲ್ಲ!

2. ನಿಂತುಹೋದದ್ದು, ಮತ್ತೆ ಎದ್ದದ್ದು

1933ರಲ್ಲಿ ಯೊಸೆಫ್ ಸ್ಕೂಪಾ ಎಂಬ ಗೊಂಬೆಯಾಟದವರು ಅಧ್ಯಕ್ಷರಾದರು. ಅವರ ಗೊಂಬೆಗಳು ಇಬ್ಬರು, ಸ್ಪೈಬ್ಲ್ ಎಂಬ ತಂದೆ, ಹುರ್ವಿನೆಕ್ ಎಂಬ ತುಂಟ ಮಗ. ಆ ದೇಶದ ಮಕ್ಕಳಿಗೆ ಈ ಅಪ್ಪ ಮಗನ ಜೋಡಿ ಈಗಲೂ ಗೊತ್ತು.

ಅಷ್ಟರಲ್ಲಿ ಕೆಟ್ಟ ಕಾಲ ಬಂತು. 1939ರಲ್ಲಿ ಹಿಟ್ಲರನ ಜರ್ಮನ್ ಸೈನ್ಯ ಪ್ರಾಗನ್ನು ಹಿಡಿಯಿತು. ಎರಡನೇ ಮಹಾಯುದ್ಧ ಶುರುವಾಯಿತು. 1944ರಲ್ಲಿ ಸ್ಕೂಪಾ ಅವರನ್ನು ಬಂಧಿಸಿ ಜರ್ಮನಿಯ ಡ್ರೆಸ್ಡೆನ್ ನಗರದ ಜೈಲಿಗೆ ಹಾಕಿದರು. 1945ರ ಫೆಬ್ರವರಿಯಲ್ಲಿ ಆ ನಗರದ ಮೇಲೆ ಬಾಂಬು ಬಿದ್ದಾಗ ಅವರು ಹೇಗೋ ತಪ್ಪಿಸಿಕೊಂಡು ಬಂದರು. ಇಂಥ ಹೊತ್ತಿನಲ್ಲಿ ಸಂಘ ನಡೆಸುವುದು ಎಲ್ಲಿಂದ ಬಂತು? 1933ರ ಸಭೆಯ ನಂತರ ಎಷ್ಟೋ ವರ್ಷ ಯುನಿಮಾ ಬರೀ ಹೆಸರಿಗೆ ಮಾತ್ರ ಇತ್ತು.

1957ರಲ್ಲಿ ಮತ್ತೆ ಪ್ರಾಗಿನಲ್ಲೇ ಎಲ್ಲರೂ ಸೇರಿದರು. ಸಂಘಕ್ಕೆ ಮತ್ತೆ ಜೀವ ಬಂತು. ಆಗ ಅಧ್ಯಕ್ಷರಾಗಿ ಯಾರನ್ನು ಆರಿಸಿದರು ಗೊತ್ತಾ? ಮ್ಯಾಕ್ಸ್ ಯಾಕೋಬ್ ಎಂಬ ಜರ್ಮನ್ ಗೊಂಬೆಯಾಟದವರನ್ನು! ಯುದ್ಧ ಮುಗಿದು ಬರೀ 12 ವರ್ಷವಾಗಿತ್ತು. ಯಾವ ದೇಶದ ಸೈನ್ಯ ಪ್ರಾಗನ್ನು ಹಿಡಿದಿತ್ತೋ ಅದೇ ದೇಶದ ಕಲಾವಿದರನ್ನು ಪ್ರಾಗಿನ ಸಭೆ ಅಧ್ಯಕ್ಷರನ್ನಾಗಿ ಮಾಡಿತು. ಪ್ರಾಗಿನ ಯಾನ್ ಮಾಲಿಕ್ 1972ರವರೆಗೂ ಪ್ರಧಾನ ಕಾರ್ಯದರ್ಶಿಯ ಕೆಲಸ ಮಾಡಿದರು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನಾವು 25 ರೂಪಾಯಿಗೆ ಮಾತು ಬಿಟ್ಟೆವು.

3. ಸಂಘ ನಡೆಯುವ ಬಗೆ

ಇದು ಸ್ವಲ್ಪ ಗಟ್ಟಿ ಪಾಠ, ನಿಧಾನವಾಗಿ ಓದಿ. ನಮ್ಮೂರಿನ ಹಾಲಿನ ಡೇರಿಯನ್ನು ನೆನಪು ಮಾಡಿಕೊಂಡರೆ ಸುಲಭವಾಗುತ್ತದೆ. ಹಾಲು ಹಾಕುವವರು ಊರಿನ ಸಂಘದ ಸದಸ್ಯರು. ಊರಿನ ಸಂಘಗಳೆಲ್ಲ ಸೇರಿ ಜಿಲ್ಲೆಯ ಒಕ್ಕೂಟ. ಒಕ್ಕೂಟಗಳೆಲ್ಲ ಸೇರಿ ರಾಜ್ಯದ ಮಹಾಮಂಡಳ. ಯುನಿಮಾ ಕೂಡ ಹೀಗೇ, ಕೆಳಗಿನಿಂದ ಮೇಲಕ್ಕೆ.

ಸದಸ್ಯರು: ಗೊಂಬೆ ಆಡಿಸುವವರು, ಗೊಂಬೆ ಮಾಡುವವರು, ಕಲಿಸುವವರು, ಅದರ ಬಗ್ಗೆ ಬರೆಯುವವರು, ಬರೀ ಪ್ರೀತಿ ಇರುವವರೂ ಸೇರಬಹುದು. ಜಾತಿ, ಮತ, ದೇಶ, ರಾಜಕೀಯ ಯಾವುದನ್ನೂ ನೋಡುವಂತಿಲ್ಲ. ಗೊಂಬೆಯಾಟದ ಮೂಲಕ ಜನ ಜನರ ನಡುವೆ ಶಾಂತಿ, ಸ್ನೇಹ ಬೆಳೆಯಬೇಕು ಎಂಬುದು ನಿಯಮದಲ್ಲೇ ಬರೆದ ಗುರಿ.

ರಾಷ್ಟ್ರೀಯ ಕೇಂದ್ರ: ಒಂದೊಂದು ದೇಶದ ಸದಸ್ಯರು ಸೇರಿ ತಮ್ಮ ದೇಶದ ಕೇಂದ್ರ ಮಾಡಿಕೊಳ್ಳುತ್ತಾರೆ. ಸದಸ್ಯರ ವಂತಿಗೆ ಎತ್ತುವುದು ಈ ಕೇಂದ್ರದ ಕೆಲಸ. ಅದರಲ್ಲಿ ಒಂದು ಭಾಗ ಜಗತ್ತಿನ ಸಂಘಕ್ಕೆ ಹೋಗುತ್ತದೆ. ಭಾರತಕ್ಕೂ ಒಂದು ಕೇಂದ್ರ ಇದೆ.

ಪರಿಷತ್ತು: ದೇಶದ ಕೇಂದ್ರಗಳು ತಮ್ಮ ಪ್ರತಿನಿಧಿಗಳನ್ನು ಆರಿಸಿ ಪರಿಷತ್ತಿಗೆ ಕಳಿಸುತ್ತವೆ. ಪರಿಷತ್ತಿನವರು ಕಾರ್ಯಕಾರಿ ಸಮಿತಿ, ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿಯನ್ನು ಆರಿಸುತ್ತಾರೆ. ಅವರ ಮುಂದೆ ಕೆಲಸದ ವರದಿ, ಹಣದ ಲೆಕ್ಕ ಇಡಬೇಕು. ಅವರು ಪ್ರಶ್ನೆ ಕೇಳಬಹುದು.

ಮಹಾಸಭೆ: ನಾಲ್ಕು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಮಹಾಸಭೆ ಸೇರುತ್ತದೆ. ಜೊತೆಗೆ ಗೊಂಬೆಯಾಟದ ಹಬ್ಬವೂ ಇರುತ್ತದೆ. ಹಗಲು ಚರ್ಚೆ, ಸಂಜೆ ಆಟ!

ಆಯೋಗಗಳು: ಶಿಕ್ಷಣಕ್ಕೆ, ಉತ್ಸವಗಳಿಗೆ, ಪುಸ್ತಕ ಪ್ರಕಟಣೆಗೆ, ಸಂಶೋಧನೆಗೆ, ಹಳೇ ಗೊಂಬೆಗಳನ್ನು ಕಾಪಾಡುವುದಕ್ಕೆ ಹೀಗೆ ಬೇರೆ ಬೇರೆ ಸಣ್ಣ ಗುಂಪುಗಳಿವೆ. ಯಾರಿಗೆ ಯಾವುದರಲ್ಲಿ ಆಸಕ್ತಿಯೋ ಅವರು ಅದರಲ್ಲಿ. ಇವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ತಮ್ಮ ಆಟ ಮುಗಿಸಿಕೊಂಡು ಉಳಿದ ಹೊತ್ತಿನಲ್ಲಿ ಈ ಕೆಲಸ ಮಾಡುತ್ತಾರೆ.

ಕಚೇರಿ: ಇದೊಂದು ಸೊಗಸಾದ ಸಂಗತಿ. ಪ್ರಧಾನ ಕಾರ್ಯದರ್ಶಿ ಎಲ್ಲಿದ್ದರೋ ಸಂಘದ ಕಚೇರಿಯೂ ಅಲ್ಲಿಗೆ ಹೋಗುತ್ತಿತ್ತು. ಮೊದಲು ಪ್ರಾಗ್. 1972ರಲ್ಲಿ ಪೋಲೆಂಡಿನ ಹೆನ್ರಿಕ್ ಯುರ್ಕೊವ್ಸ್ಕಿ ಕಾರ್ಯದರ್ಶಿಯಾದಾಗ ವಾರ್ಸಾ. 1980ರಲ್ಲಿ ಜಾಕ್ ಫೆಲಿಕ್ಸ್ ಬಂದಾಗ ಫ್ರಾನ್ಸಿನ ಶಾರ್ಲವಿಲ್-ಮೆಝಿಯೆರ್ ಎಂಬ ಊರು. ಅಲ್ಲೇ ನೆಲೆ ನಿಂತಿತು. ಅದು ದೊಡ್ಡ ನಗರವಲ್ಲ. ಆದರೆ ಜಾಕ್ ಫೆಲಿಕ್ಸ್ 1961ರಲ್ಲಿ ಅಲ್ಲಿ ಗೊಂಬೆಯಾಟದ ಹಬ್ಬ ಶುರುಮಾಡಿದ್ದರು. ಈಗ ಅದು ಜಗತ್ತಿಗೆಲ್ಲ ಹೆಸರಾದ ಹಬ್ಬ. ಗೊಂಬೆಯಾಟ ಕಲಿಸುವ ದೊಡ್ಡ ಸಂಸ್ಥೆಯೂ ಆ ಊರಿನಲ್ಲಿದೆ. ಒಬ್ಬ ಮನುಷ್ಯ ಹಟ ಹಿಡಿದರೆ ಸಣ್ಣ ಊರಿಗೂ ಹೆಸರು ಬರುತ್ತೆ ಅಂತ ಇದರಿಂದ ತಿಳಿಯುತ್ತದೆ.

4. ನಡೆಸುವುದರಲ್ಲಿ ಇರುವ ಕಷ್ಟಗಳು

ಮೊದಲನೇ ಕಷ್ಟ ಭಾಷೆ. ಒಬ್ಬರು ಜಪಾನಿನವರು, ಒಬ್ಬರು ಮೆಕ್ಸಿಕೋದವರು, ಒಬ್ಬರು ಆಫ್ರಿಕಾದವರು. ಅದಕ್ಕೆ ಫ್ರೆಂಚ್, ಇಂಗ್ಲಿಷ್, ಸ್ಪ್ಯಾನಿಷ್ ಮೂರು ಭಾಷೆಗಳನ್ನು ಸಂಘದ ಭಾಷೆಗಳೆಂದು ಇಟ್ಟುಕೊಂಡಿದ್ದಾರೆ.

ಎರಡನೇ ಕಷ್ಟ ದೇಶ ದೇಶಗಳ ಜಗಳ. ಒಂದು ಕಾಲಕ್ಕೆ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಎಣ್ಣೆ ಸೀಗೇಕಾಯಿ. ಆದರೆ ಯುನಿಮಾ ತನ್ನ ಮಹಾಸಭೆಯನ್ನು 1976ರಲ್ಲಿ ಮಾಸ್ಕೋದಲ್ಲಿ ಮಾಡಿತು, ಅದರ ಮುಂದಿನದನ್ನು 1980ರಲ್ಲಿ ವಾಷಿಂಗ್ಟನ್ನಿನಲ್ಲಿ ಮಾಡಿತು! ಅದೇ 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಅಮೆರಿಕ ಹೋಗಲೇ ಇಲ್ಲ. ಓಟದವರು ಸೇರದ ಕಡೆ ಗೊಂಬೆಯವರು ಸೇರಿದರು.

ಮೂರನೇ ಕಷ್ಟ ಹೇಳದೆ ಕೇಳದೆ ಬರುವ ಆಪತ್ತು. 2020ರ ಮಹಾಸಭೆ ಇಂಡೋನೇಷ್ಯಾದ ಬಾಲಿಯಲ್ಲಿ ಎಂದು ಗೊತ್ತಾಗಿತ್ತು. ಕೊರೊನಾ ಬಂತು. ಸಭೆಯನ್ನು ಮುಂದೆ ಹಾಕಿ 2021ರಲ್ಲಿ ಅವರವರ ಊರಿನಲ್ಲೇ ಕೂತು ಪರದೆಯ ಮೂಲಕ ನಡೆಸಿದರು. ನಿಲ್ಲಿಸಲಿಲ್ಲ ಎಂಬುದು ಮುಖ್ಯ.

5. ಸಂಘದಿಂದ ಆದ ಕೆಲಸ

ಪ್ರತಿ ವರ್ಷ ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ. ಹೀಗೊಂದು ದಿನ ಬೇಕು ಅಂತ 2000ದ ಮಹಾಸಭೆಯಲ್ಲಿ ಹೇಳಿದವರು ಇರಾನಿನ ಒಬ್ಬ ಗೊಂಬೆಯಾಟದ ಕಲಾವಿದರು. 2003ರಿಂದ ಆಚರಿಸುತ್ತಿದ್ದಾರೆ. ಎದ್ದು ನಿಂತು ಹೇಳಿದ ಒಬ್ಬರ ಮಾತು ಜಗತ್ತಿನ ದಿನವಾಯಿತು.

ಇನ್ನೊಂದು ಕೆಲಸ ಗೊಂಬೆಯಾಟದ ವಿಶ್ವಕೋಶ. ಎಷ್ಟೋ ದೇಶದ ವಿದ್ವಾಂಸರು ವರ್ಷಗಟ್ಟಲೆ ಬರೆದು 2009ರಲ್ಲಿ ಫ್ರೆಂಚ್‌ನಲ್ಲಿ ಅಚ್ಚಾಯಿತು. ಆಮೇಲೆ ಇಂಗ್ಲಿಷ್, ಸ್ಪ್ಯಾನಿಷ್‌ಗೂ ಬಂತು. ಭಾರತದ ಗೊಂಬೆಗಳ ವಿಷಯವೂ ಅದರಲ್ಲಿದೆ. ಗೊಂಬೆ ಮುರಿಯಬಹುದು, ಆಡಿಸುವವರು ವಯಸ್ಸಾಗಿ ಹೋಗಬಹುದು, ಬರೆದಿಟ್ಟದ್ದು ಉಳಿಯುತ್ತದೆ.

6. ನಮ್ಮ ದೇಶದವರು

2008ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಮಹಾಸಭೆಯಲ್ಲಿ ಭಾರತದ ದಾದಿ ಪದಮ್‌ಜೀ ಯುನಿಮಾದ ಅಧ್ಯಕ್ಷರಾದರು. ಯುರೋಪಿನ ಹೊರಗಿನಿಂದ ಬಂದ ಮೊದಲ ಅಧ್ಯಕ್ಷರು ಇವರೇ. 2021ರವರೆಗೆ ಇದ್ದರು. ಇವರು ದೆಹಲಿಯಲ್ಲಿ ಗೊಂಬೆಯಾಟದ ತಂಡ ಕಟ್ಟಿದವರು. 2011ರಲ್ಲಿ ಪದ್ಮಶ್ರೀ ಬಂತು. ಅವರ ನಂತರ ಕರೆನ್ ಸ್ಮಿತ್ ಎಂಬ ಮಹಿಳೆ ಅಧ್ಯಕ್ಷರಾದರು.

ನಮ್ಮ ಕರ್ನಾಟಕದಲ್ಲಿ ಸೂತ್ರದ ಗೊಂಬೆಯೂ ಇದೆ, ತೊಗಲು ಗೊಂಬೆಯೂ ಇದೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಕೊಗ್ಗ ಕಾಮತರು ಯಕ್ಷಗಾನದ ಗೊಂಬೆಗಳನ್ನು ಬೇರೆ ದೇಶಗಳಲ್ಲೂ ಆಡಿಸಿದವರು. ಕೊಪ್ಪಳದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ! ಇಂಥ ಹಿರಿಯರ ವಿದ್ಯೆ ಅವರ ಜೊತೆಗೇ ಹೋಗಬಾರದು ಅಂತಲೇ ಇಂಥ ಸಂಘಗಳು ಬೇಕು.

7. ನಾನು ಕಲಿತದ್ದು

ಗೆಳೆಯರೇ, ನಾನು ಮೊದಲು ಸಂಘ ಅಂದ್ರೆ ಆಟ ಆಡೋದು ಅಂದ್ಕೊಂಡಿದ್ದೆ. ಆಟ ಆಡಲು ಗೊಂಬೆ ಸಾಕು. ಆಟ ಹತ್ತು ವರ್ಷ ನಡೆಯಬೇಕು ಅಂದ್ರೆ ಹೆಸರಿನ ಪಟ್ಟಿ ಬೇಕು, ಲೆಕ್ಕದ ಪುಸ್ತಕ ಬೇಕು, ಕಾಗದ ಬರೆಯುವವರು ಬೇಕು, ಗೊಂಬೆಯನ್ನು ಇಲಿ ಕಡಿಯದ ಹಾಗೆ ಎತ್ತಿಡುವವರೂ ಬೇಕು. ಇವರು ಯಾರೂ ಪರದೆಯ ಮುಂದೆ ಕಾಣುವುದಿಲ್ಲ. ಗೊಂಬೆ ಆಡಿಸುವವರೂ ಕಾಣುವುದಿಲ್ಲ ತಾನೇ! ಸಂಘ ನಡೆಸುವುದೂ ಹಾಗೇ, ದಾರ ಹಿಡಿದ ಕೈ ಕಾಣಬಾರದು, ಆದರೆ ಕೈ ಬಿಡಬಾರದು.

ಅದಕ್ಕೆ ನಮ್ಮ ಸಂಘವನ್ನು ಮತ್ತೆ ಶುರುಮಾಡೋಣ ಅಂತ ನನ್ನ ಬೇಡಿಕೆ. ನನಗೆ ತೋಚಿದ ನಿಯಮಗಳು ಇವು:

1) ಯಾರು ಬೇಕಾದರೂ ಸೇರಬಹುದು. ಐದನೇ ತರಗತಿಯವರೂ ಬರಲಿ.
2) ಪ್ರತಿಯೊಬ್ಬರಿಗೂ ಒಂದು ಕೆಲಸ ಇರಬೇಕು. ಬರೀ ನೋಡುವವರು ಬೇಡ.
3) ಖರ್ಚು ಮಾಡಿದ ದಿನವೇ ಬರೆಯಬೇಕು. ತಿಂಗಳ ಕೊನೇ ಶನಿವಾರ ಎಲ್ಲರ ಮುಂದೆ ಓದಬೇಕು, ಲೆಕ್ಕವನ್ನು ಈ ಗೋಡೆಯ ಮೇಲೂ ಅಂಟಿಸಬೇಕು.
4) ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ವರ್ಷಕ್ಕೊಮ್ಮೆ ಬದಲಾಗಬೇಕು.
5) ಏಳನೇ ತರಗತಿಯವರು ಶಾಲೆ ಬಿಟ್ಟು ಹೋಗುವಾಗ ಪುಸ್ತಕವನ್ನೂ ಗೊಂಬೆಗಳನ್ನೂ ಆರನೇ ತರಗತಿಯವರ ಕೈಗೆ ಒಪ್ಪಿಸಿ ಹೋಗಬೇಕು.

ಈ ಸಲ ಖಜಾಂಚಿ ಬೇರೆಯವರು ಆಗಲಿ. ಆ 25 ರೂಪಾಯಿಯನ್ನು ನಾನೇ ಹಾಕುತ್ತೇನೆ. ಜಾತ್ರೆಗೆ ಅಜ್ಜಿ ಕೊಟ್ಟ ದುಡ್ಡು ಎತ್ತಿಟ್ಟಿದ್ದೇನೆ. ಯಾರ ಮೇಲೂ ತಪ್ಪು ಹೊರಿಸುವುದು ಬೇಡ, ಬರೆಯದೇ ಇದ್ದದ್ದು ನನ್ನ ತಪ್ಪು.

ಮಾರ್ಚ್ 21ಕ್ಕೆ ಪರೀಕ್ಷೆ ಹತ್ತಿರ ಇರುತ್ತದೆ, ಆದರೂ ಪ್ರಾರ್ಥನೆ ಮುಗಿದ ಮೇಲೆ ಹದಿನೈದು ನಿಮಿಷದ ಒಂದು ಆಟ ಆಡಬಹುದು. ಹೆಡ್ ಮೇಷ್ಟ್ರು ದಯವಿಟ್ಟು ಒಪ್ಪಿಗೆ ಕೊಡಬೇಕು. ಸೇರುವವರು ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಹೆಸರು ಬರೆಯಿರಿ. ರಾಜನ ಗೊಂಬೆಗೆ ಹೊಸ ಬಟ್ಟೆ ನಾನು ಹೊಲಿಯುತ್ತಿದ್ದೇನೆ, ತೋಳು ಒಂದು ಬಾಕಿ ಇದೆ.

ಅಭ್ಯಾಸ (ಉತ್ತರ ಬರೆದು ಕನ್ನಡ ಮೇಷ್ಟ್ರಿಗೆ ತೋರಿಸಿ)

ಅ) ಯುನಿಮಾ ಯಾವ ವರ್ಷ, ಯಾವ ನಗರದಲ್ಲಿ ಹುಟ್ಟಿತು?
ಆ) 1957ರಲ್ಲಿ ಯಾರನ್ನು ಅಧ್ಯಕ್ಷರನ್ನಾಗಿ ಆರಿಸಿದರು? ಅದರಲ್ಲಿ ವಿಶೇಷ ಏನು?
ಇ) ಹಾಲಿನ ಡೇರಿಗೂ ಯುನಿಮಾಕ್ಕೂ ಇರುವ ಹೋಲಿಕೆ ಬರೆಯಿರಿ.
ಈ) ನೀವು ಸಂಘಕ್ಕೆ ಸೇರಿದರೆ ಯಾವ ಕೆಲಸ ವಹಿಸಿಕೊಳ್ಳುತ್ತೀರಿ? ಯಾಕೆ?

ತಪ್ಪಿದ್ದರೆ ತಿದ್ದಿ, ಒಪ್ಪಿದ್ದರೆ ಹೆಸರು ಬರೆಯಿರಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ
(ಹಳೇ ಸಂಘದ ಖಜಾಂಚಿ)